ಒರೆ ಹೊಲಿಯುವ ವಿದ್ಯೆ

ನಮ್ಮ ಶಾಲೆಯ ಕೈತೋಟದಲ್ಲಿ ಆರು ಚಾಕುಗಳಿವೆ. ಕಸಿ ಕಟ್ಟಲು, ಕೊಂಬೆ ಸವರಲು ಮಕ್ಕಳು ಬಳಸುವ ಈ ಚಾಕುಗಳ ಅಲಗು ನಾಲ್ಕು ಅಂಗುಲ ಉದ್ದ, ಒಂದು ಅಂಗುಲ ಅಗಲ. ಬಹುಕಾಲದಿಂದ ಇವು ಒಂದು ತಗಡಿನ ಡಬ್ಬಿಯಲ್ಲಿ ಬರಿಯ ಅಲಗಿನೊಡನೆಯೇ ಬಿದ್ದಿರುತ್ತಿದ್ದವು. ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು ಡಬ್ಬಿಯೊಳಗೆ ಕೈಯಿಟ್ಟು ಹೆಬ್ಬೆರಳನ್ನು ಕೊಯ್ದುಕೊಂಡನು. ಮೂರು ಹೊಲಿಗೆ ಹಾಕಬೇಕಾಯಿತು. ಆ ಹುಡುಗನ ತಾಯಿ ಶಾಲೆಗೆ ಬಂದರು. ನಮ್ಮನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಚಾಕುಗಳಿಗೆ ಒರೆ ಬೇಕೆಂಬ ಮಾತು ಅಂದು ಹುಟ್ಟಿತು. ಪೇಟೆಯಲ್ಲಿ ಕೊಂಡು ತಂದಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಆದರೆ ಕೈಕೆಲಸದ ಅವಧಿಯು ವಾರಕ್ಕೆರಡು ಸಲ ಬರುತ್ತಿರುವಾಗ, ಬಳಸುವವರೇ ಹೊಲಿದುಕೊಳ್ಳಲೆಂದು ನಾವು ನಿಶ್ಚಯಿಸಿದೆವು. ಆರು ಒರೆಗಳಿಗೆ ಆರು ವಾರ ಸಾಕೆಂದು ನಮ್ಮ ಎಣಿಕೆಯಾಗಿದ್ದಿತು. ಐದು ತಿಂಗಳು ಹಿಡಿಯಿತು. ನಾಲ್ಕು ಒರೆಗಳು ಕೆಟ್ಟುಹೋದವು. ಅವು ಹೇಗೆ ಕೆಟ್ಟವೆಂಬುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಚರ್ಮದ ವಿಷಯವಾಗಿ ಸ್ವಲ್ಪ ಹೇಳಬೇಕು. ಹಸಿಯ ತೊಗಲನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ; ಒಣಗಿಸಿದರೆ ಹಲಗೆಯಂತಾಗಿ, ನೀರು ತಗಲಿದೊಡನೆ ಪುನಃ ಕೊಳೆಯತೊಡಗುತ್ತದೆ. ಇದನ್ನು ತಡೆಯುವ ಕ್ರಿಯೆಗೆ ಹದಮಾಡುವುದೆಂದು ಹೆಸರು. ಕೆಲವು ಗಿಡಗಳ ತೊಗಟೆಯಲ್ಲಿಯೂ ಕಾಯಿಗಳಲ್ಲಿಯೂ ನಾಲಿಗೆಯನ್ನು ಬಿಗಿಹಿಡಿಯುವ ಒಂದು ಒಗರು ಇರುತ್ತದಷ್ಟೆ, ಅದೇ ಟ್ಯಾನಿನ್. ತೊಗಲನ್ನು ಈ ಒಗರಿನ ಸಾರದಲ್ಲಿ ವಾರಗಟ್ಟಲೆ ನೆನೆಹಾಕಿದರೆ ಅದು ಚರ್ಮದ ನಾರುಗಳೊಡನೆ ಬೆರೆತು ಕೊಳೆಯದಂತೆ ಮಾಡುತ್ತದೆ. ದಕ್ಷಿಣ ದೇಶದಲ್ಲಿ ಇದಕ್ಕೆ ತಂಗಡಿಯ ತೊಗಟೆಯನ್ನು ಬಳಸುತ್ತಿದ್ದರು. ನಮ್ಮ ಸೀಮೆಯಲ್ಲಿ ಇದನ್ನೇ ತರವಡವೆನ್ನುವರು. ಹಳದಿ ಹೂವಿನ ಈ ಗಿಡವನ್ನು ಊರ ಹೊರಗಿನ ಬಂಜರಿನಲ್ಲಿ ಯಾರಾದರೂ ಕಂಡಿರಬಹುದು. ಜಾಲಿಯ ತೊಗಟೆ, ಅಳಲೆಕಾಯಿ ಇವು ಕೂಡ ಇದೇ ಕೆಲಸಕ್ಕೆ ಬರುವಂಥವು.

ಇನ್ನೊಂದು ವಿಧಾನವು ಕ್ರೋಮಿಯಮ್ಮಿನ ಲವಣಗಳಿಂದ ಹದಮಾಡುವುದು. ನ್ಯೂಯಾರ್ಕಿನ ಅಗಸ್ಟಸ್ ಶುಲ್ಟ್ಸ್ ಎಂಬಾತನು ೧೮೮೪ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ವಾರಗಳ ಕೆಲಸವು ದಿನಗಳಲ್ಲಿ ಮುಗಿಯುವುದರಿಂದ ಇಂದು ಜಗತ್ತಿನ ಹೆಚ್ಚಿನ ಚರ್ಮವು ಈ ಬಗೆಯದಾಗಿದೆ. ಚೀಲಕ್ಕೆ, ಬೂಟಿನ ಮೇಲ್ಭಾಗಕ್ಕೆ ಇದು ಚೆನ್ನ. ಒರೆಗೆ ಮಾತ್ರ ಸಲ್ಲದು. ತೊಗಟೆಯಿಂದ ಹದಮಾಡಿದ ಚರ್ಮವು ನೀರಿನಲ್ಲಿ ನೆನೆದಾಗ ಮೆತ್ತಗಾಗಿ, ಹೇಗೆ ಒತ್ತಿದರೆ ಹಾಗೆ ನಿಂತು, ಒಣಗಿದ ಮೇಲೆ ಆ ಆಕಾರವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಕ್ರೋಮ್ ಚರ್ಮಕ್ಕೆ ಈ ಜ್ಞಾಪಕಶಕ್ತಿಯಿಲ್ಲ. ಒಣಗುತ್ತಲೇ ಮೊದಲಿನ ಸಡಿಲಕ್ಕೆ ಮರಳುತ್ತದೆ. ಎರಡನ್ನೂ ಗುರುತಿಸಲು ಒಂದು ಚೂರನ್ನು ಕತ್ತರಿಸಿ ಅಂಚನ್ನು ನೋಡಬೇಕು. ಮೊದಲನೆಯದು ಒಳಗೆಲ್ಲ ಕಂದುಬಣ್ಣ, ಎರಡನೆಯದು ಹಲವು ವೇಳೆ ನೀಲಿಯ ಛಾಯೆಯ ಬೂದುಬಣ್ಣ.

ತೊಗಟೆಯಿಂದ ಹದಗೊಂಡ ಚರ್ಮವನ್ನು ಬಲ್ಲವರು ನಮ್ಮ ಈ ಪ್ರಾಂತಕ್ಕೆ ಹೊಸಬರಲ್ಲ. ಕೊಲ್ಹಾಪುರಿ ಚಪ್ಪಲಿಯು ಅದರಿಂದಲೇ ಆಗುವುದು. ೨೦೧೮-೧೯ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಸೂಚಕದ ಮನ್ನಣೆಯು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳಿಗೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಒಟ್ಟಿಗೆ ಸೇರಿದೆ. ಗಡಿಯ ಎರಡೂ ಕಡೆಯ ಕೈಗಳು ಒಂದೇ ಚಪ್ಪಲಿಯನ್ನು ಹೊಲಿಯುತ್ತವೆಂಬುದನ್ನು ಸರಕಾರವೇ ಒಪ್ಪಿದಂತಾಯಿತು. ನಮ್ಮ ಪೇಟೆಯಲ್ಲಿ ನಲವತ್ತು ವರ್ಷ ಚಪ್ಪಲಿ ಹೊಲಿದ ಹಿರಿಯರೊಬ್ಬರನ್ನು ನಾವು ಬೇಡಿಕೊಂಡಾಗ ಅವರು ಶಾಲೆಗೆ ಬರಲು ಒಪ್ಪಿದರು. ಮಕ್ಕಳು ಅವರನ್ನು ‘ಮುತ್ಯಾ’ ಎಂದು ಕರೆದರು. ನಾವೂ ಇಲ್ಲಿ ಹಾಗೆಯೇ ಕರೆಯುವೆವು.

ಇದರ ನಡುವೆ ಪಾಲಕರೊಬ್ಬರು ನಮ್ಮ ಕೋಣೆಗೆ ಬಂದು, “ಸರ್, ನಮ್ಮ ಹುಡುಗನ್ನ ಅಕ್ಷರ ಕಲೀಲಿಕ್ಕೆ ಕಳಿಸೇವಿ, ತೊಗಲ ಹೊಲೀಲಿಕ್ಕಲ್ಲ” ಎಂದರು. ನಾವು ಗಾಂಧೀಜಿಯವರ ಮಾತನ್ನು ತೆಗೆದೆವು. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ತಮ್ಮ ಮಿತ್ರ ಕ್ಯಾಲನ್‌ಬಾಕರಿಂದ ಚಪ್ಪಲಿ ಹೊಲಿಯುವುದನ್ನು ಕಲಿತರು. ೧೯೧೪ರಲ್ಲಿ ಆ ದೇಶವನ್ನು ಬಿಡುವಾಗ, ತಮ್ಮನ್ನು ಸೆರೆಮನೆಗೆ ಹಾಕಿಸಿದ್ದ ಜನರಲ್ ಸ್ಮಟ್ಸರಿಗೇ ತಾವು ಹೊಲಿದ ಒಂದು ಜೊತೆಯನ್ನು ಕಾಣಿಕೆಯಾಗಿ ಕಳುಹಿಸಿದರು. ಆ ಪಾಲಕರು ಇದನ್ನೆಲ್ಲ ಕೇಳಿ, “ಅವರು ಮಹಾತ್ಮರು. ನಮ್ಮ ಹುಡುಗ ಹತ್ತನೇ ಇಯತ್ತೆ ಪರೀಕ್ಷಾಕ್ಕ ಕೂಡಬೇಕು” ಎಂದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಗನು ಮಾತ್ರ ಬರುವುದನ್ನು ಬಿಡಲಿಲ್ಲ.

ಮೊದಲನೆಯ ಒರೆಯನ್ನು ನಾವೇ ಮಾಡಿದೆವು. ಬಿ.ಟಿ. ತರಗತಿಯಲ್ಲಿ ರಟ್ಟಿನ ಕೆಲಸವನ್ನು ಕಲಿತಿದ್ದೆವೆಂಬ ಧೈರ್ಯ ಇತ್ತು. ಮುತ್ಯಾ ಇನ್ನೂ ಬಂದಿರಲಿಲ್ಲ. ಚಾಕುವಿಗೆ ಕಾಗದವನ್ನು ಸುತ್ತಿ, ಅಲಗಿನ ಬೆನ್ನಿನ ಮೇಲೆ ಮಡಿಸಿ, ಗೆರೆಯೆಳೆದು, ಆ ಅಳತೆಗೆ ಸರಿಯಾಗಿ ಚರ್ಮವನ್ನು ಕತ್ತರಿಸಿ ಹೊಲಿದೆವು. ಹೊಲಿಗೆ ಚೆನ್ನಾಗಿಯೇ ಬಂದಿತು. ಚಾಕು ಒಳಗೆ ಹೋಗಲಿಲ್ಲ. ಮಕ್ಕಳೆದುರಿಗೆ ನಾವು ಅದನ್ನು ಒತ್ತಿದ್ದೂ ಒತ್ತಿದ್ದೇ.

ಕಾರಣವು ಗಣಿತದ್ದು. ಕಾಗದಕ್ಕೆ ದಪ್ಪವಿಲ್ಲ, ಚರ್ಮದ ದಪ್ಪ ೩ ಮಿಲಿಮೀಟರು. ಅಲಗಿನ ಬೆನ್ನು ಕೂಡ ಸುಮಾರು ೩ ಮಿಲಿಮೀಟರು. ಚರ್ಮವು ಬೆನ್ನನ್ನು ಸುತ್ತಿ ಬಾಗುವಾಗ ಒಂದು ಅರ್ಧವೃತ್ತವಾಗುತ್ತದೆ. ಬೆನ್ನಿನ ಅರ್ಧ ೧.೫, ಚರ್ಮದ ದಪ್ಪದ ಅರ್ಧ ೧.೫, ಆದುದರಿಂದ ಚರ್ಮದ ನಡುಗೆರೆಯ ತ್ರಿಜ್ಯವು ೩ ಮಿಲಿಮೀಟರು. ಅರ್ಧವೃತ್ತದ ಉದ್ದ ೩.೧೪ × ೩, ಅಂದರೆ ೯.೪ ಮಿಲಿಮೀಟರು. ಬಾಗಿಗೇ ಇಷ್ಟು ಚರ್ಮವು ಖರ್ಚಾಗುವುದೆಂಬುದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂಬತ್ತನೆಯ ಇಯತ್ತೆಗೆ ವೃತ್ತದ ಪಾಠವನ್ನು ಹೇಳುವವರು ನಾವೇ ಎಂಬುದನ್ನು ಇಲ್ಲಿ ಮರೆಮಾಚಬಾರದು.

ಮರುದಿನ ಬಂದ ಮುತ್ಯಾ ಆ ಒರೆಯನ್ನು ಕೈಯಲ್ಲಿ ಹಿಡಿದು ನೋಡಿದರು. ನಾವು ಅದನ್ನು ಕಸದ ಬುಟ್ಟಿಗೆ ಹಾಕಹೊರಟಾಗ, “ಒಗಿಬ್ಯಾಡ್ರಿ ಮಾಸ್ತರ, ಮೊದಲ ಹೊಟ್ಟಿ ಸೀಳಿ ನೋಡೂಣು” ಎಂದು ತಮ್ಮ ರಂಪಿಗೆಯಿಂದ ಉದ್ದಕ್ಕೂ ಸೀಳಿದರು. ಒಳಮೈಯಲ್ಲಿ ಅಲಗು ಎಲ್ಲಿಯವರೆಗೆ ಹೋಗಿತ್ತು, ಎಲ್ಲಿ ಸಿಕ್ಕಿಕೊಂಡಿತ್ತೆಂಬುದು ಗೀರು ಗೀರಾಗಿ ಮೂಡಿತ್ತು. ಹೊರಗಿನಿಂದ ಎಷ್ಟು ನೋಡಿದರೂ ಅದು ತಿಳಿಯುತ್ತಿರಲಿಲ್ಲ. ಅಂದಿನಿಂದ ಕೆಟ್ಟ ಒರೆಯನ್ನೆಲ್ಲ ಸೀಳಿ ನೋಡುವುದು ನಮ್ಮ ತರಗತಿಯ ಪದ್ಧತಿಯಾಯಿತು.

ಎರಡನೆಯದನ್ನು ಇಬ್ಬರು ಹುಡುಗರು ಕೂಡಿ ಹೊಲಿದರು. ಅಳತೆ ಸರಿಯಾಗಿತ್ತು, ಚಾಕು ಸಲೀಸಾಗಿ ಹೋಯಿತು. ಎಂಟು ದಿನಗಳಲ್ಲಿ ಅಲಗಿನ ಬಾಯಿ ಹೊಲಿಗೆಯ ನಡುವಿನಿಂದ ಇಣುಕಿತು. ಸೀಳಿ ನೋಡಿದಾಗ ನೂಲು ಒಳಗಿನಿಂದ ಎರಡು ಕಡೆ ತುಂಡಾಗಿತ್ತು. ಚಾಕುವನ್ನು ಹಾಕುವಾಗಲೂ ತೆಗೆಯುವಾಗಲೂ ಅದರ ಬಾಯಿ ನೇರವಾಗಿ ಹೊಲಿಗೆಯನ್ನೇ ಕೊಯ್ಯುತ್ತಿದ್ದಿತು. ಇದಕ್ಕೆ ಉಪಾಯವೆಂದರೆ ಎರಡು ಪದರಗಳ ನಡುವೆ, ಬಾಯಿಯ ಕಡೆಯಲ್ಲಿ, ೧೦ ಮಿಲಿಮೀಟರು ಅಗಲದ ಇನ್ನೊಂದು ಚರ್ಮದ ಪಟ್ಟಿಯನ್ನು ಇಟ್ಟು ಮೂರನ್ನೂ ಸೇರಿಸಿ ಹೊಲಿಯುವುದು. ಆಗ ಅಲಗು ಪಟ್ಟಿಯ ಅಂಚಿಗೆ ತಗಲುವುದೇ ಹೊರತು ನೂಲಿಗೆ ತಗಲದು. ಹೊರಗೆ ಕಾಣದ ಈ ಪಟ್ಟಿಯೇ ಒರೆಯ ಪ್ರಾಣ. ಹುಡುಗರು ಇದನ್ನು ಬಿಟ್ಟದ್ದು ಮರೆವಿನಿಂದಲ್ಲ. ಪಟ್ಟಿಯಿಟ್ಟರೆ ಅಂಚು ದಪ್ಪವಾಗಿ ಅಂದಗೆಡುವುದೆಂದು ಅವರೇ ಬೇಡವೆಂದಿದ್ದರು.

ಹೊಲಿಯುವ ಕ್ರಮವನ್ನೂ ಇಲ್ಲಿಯೇ ಹೇಳಿಬಿಡುವೆವು. ಮನೆಯ ಹೊಲಿಗೆಯಂತ್ರದಲ್ಲಿ ಎರಡು ನೂಲುಗಳು ಮೇಲಿನಿಂದೊಂದು ಕೆಳಗಿನಿಂದೊಂದು ಬಂದು ರಂಧ್ರದ ನಡುವೆ ಕೊಂಡಿಹಾಕಿಕೊಳ್ಳುತ್ತವೆ. ಒಂದು ನೂಲು ಹರಿದರೆ ಹೊಲಿಗೆ ಬಿಚ್ಚುತ್ತ ಹೋಗಬಹುದು. ಚರ್ಮದ ಕೈಹೊಲಿಗೆಯಲ್ಲಿ ನೂಲು ಒಂದೇ, ಅದರ ಎರಡು ತುದಿಗೂ ಒಂದೊಂದು ಸೂಜಿ. ಆರಿಯಿಂದ ಮಾಡಿದ ಪ್ರತಿಯೊಂದು ರಂಧ್ರದಲ್ಲಿಯೂ ಎರಡು ಸೂಜಿಗಳು ಎದುರೆದುರಾಗಿ ದಾಟುತ್ತವೆ. ಒಂದು ಕಡೆ ನೂಲು ಸವೆದು ಹೋದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ. ಆರು ಅಂಗುಲದ ಹೊಲಿಗೆಗೆ ಅದರ ನಾಲ್ಕರಷ್ಟು ನೂಲು, ಕೈಹಿಡಿತಕ್ಕೆ ಇನ್ನಷ್ಟು. ಪ್ರತಿ ಸಲವೂ ಅದೇ ಕಡೆಯ ಸೂಜಿಯನ್ನು ಮೊದಲು ಹಾಕಬೇಕು. ಇಲ್ಲವಾದರೆ ಹೊಲಿಗೆಯ ಓರೆ ಒಂದೊಂದು ಒಂದೊಂದು ಕಡೆಗೆ ತಿರುಗುತ್ತದೆ.

ಮೂರನೆಯ ಒರೆಯನ್ನು ಒಬ್ಬ ಹುಡುಗಿ ಮಾಡಿದಳು. ಹೊಲಿದಾದ ಮೇಲೆ ಒರೆಯನ್ನು ನೀರಿನಲ್ಲಿ ನೆನೆಯಿಸಿ, ಚಾಕುವನ್ನು ಒಳಗಿಟ್ಟು, ಬೆರಳಿನಿಂದ ಒತ್ತಿ ಹಿಡಿಯ ಆಕಾರವನ್ನು ಮೂಡಿಸಬೇಕು. ಆಮೇಲೆ ನೆರಳಿನಲ್ಲಿ ಒಂದೆರಡು ದಿನ ತಾನಾಗಿ ಒಣಗಬೇಕು. ಮರುದಿನ ಮುತ್ಯಾ ಬರುವರೆಂದು, ಅಷ್ಟರಲ್ಲಿ ಎಲ್ಲವನ್ನೂ ಮುಗಿಸಿ ತೋರಿಸಬೇಕೆಂದು, ಆಕೆ ಅದನ್ನು ಮನೆಗೊಯ್ದು ಒಲೆಯ ಪಕ್ಕದಲ್ಲಿಟ್ಟಳು. ಬೆಳಗಾಗುವುದರೊಳಗೆ ಒರೆ ಕುಗ್ಗಿ, ಸೊಟ್ಟಗಾಗಿ, ಮಡಿಸಿದರೆ ಬಿರಿಯುವಷ್ಟು ಪೆಡಸಾಗಿತ್ತು. ತೊಗಟೆಯಿಂದ ಹದಮಾಡಿದ ಚರ್ಮವು ಒದ್ದೆಯಿರುವಾಗ ಸುಮಾರು ೭೦ರಿಂದ ೮೫ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ನಾರುಗಳು ಮುರುಟಿಕೊಳ್ಳುತ್ತವೆ. ಮುರುಟಿದ ಮೇಲೆ ಮೊದಲಿನಂತೆ ಆಗವು. ಒಳ್ಳೆಯ ಕ್ರೋಮ್ ಚರ್ಮವಾದರೋ ಕುದಿಯುವ ನೀರನ್ನೂ ತಾಳುತ್ತದೆ. ಒಗರಿನ ಚರ್ಮದ ಗುಣದೊಡನೆ ಅದರ ದೌರ್ಬಲ್ಯವನ್ನೂ ಸಹಿಸಬೇಕು.

ನಾಲ್ಕನೆಯದರ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ತರಗತಿಯಲ್ಲಿ ಮೊದಲನೆಯವನಾದ ಒಬ್ಬ ವಿದ್ಯಾರ್ಥಿಯಿದ್ದಾನೆ. ಅಕ್ಷರವು ಮುದ್ರಿಸಿದಂತೆ. ಅವನ ವಹಿಗಳಲ್ಲಿ ಕಾಟು ಹೊಡೆದ ಒಂದು ಗೆರೆಯೂ ಕಾಣದು. ಇದು ಹೇಗೆಂದು ನಾವು ಯೋಚಿಸಿರಲಿಲ್ಲ. ಮೆಚ್ಚಿಕೊಂಡು ಬೇರೆ ಮಕ್ಕಳಿಗೆ ತೋರಿಸುತ್ತಿದ್ದೆವು. ಈತನು ಒರೆಗಾಗಿ ಕಾಗದದ ಅಚ್ಚನ್ನು ಏಳು ಸಲ ಕತ್ತರಿಸಿದನು. ಉಳಿದವರು ಹೊಲಿಗೆಗೆ ಬಂದಾಗ ಈತನಿನ್ನೂ ಕಾಗದದಲ್ಲಿಯೇ ಇದ್ದನು. ಕೊನೆಗೆ ಹೊಲಿಯಲು ಕುಳಿತಾಗ, ಉಳಿದವರು ಅಂಗುಲಕ್ಕೆ ಆರೋ ಏಳೋ ಹೊಲಿಗೆ ಹಾಕಿದರೆ, ತನ್ನದು ಎಲ್ಲರಿಗಿಂತ ನವುರಾಗಿರಬೇಕೆಂದು ಅಂಗುಲಕ್ಕೆ ಹದಿನಾಲ್ಕನ್ನು ಹಾಕಿದನು. ನೋಡಲು ಬಹು ಸುಂದರವಾಗಿತ್ತು. ಚಾಕುವನ್ನು ಒಳಗಿಟ್ಟು ಎರಡು ಸಲ ಎಳೆಯುವಷ್ಟರಲ್ಲಿ ಹೊಲಿಗೆಯ ಸಾಲಿನುದ್ದಕ್ಕೂ ಚರ್ಮವು ಹರಿಯಿತು. ಅಂಚೆಕಚೇರಿಯಲ್ಲಿ ಸ್ಟ್ಯಾಂಪಿನ ಹಾಳೆಯನ್ನು ಹರಿಯುವುದನ್ನು ನೋಡಿದವರಿಗೆ ಇದರ ಕಾರಣವನ್ನು ಹೇಳಬೇಕಾದುದಿಲ್ಲ. ರಂಧ್ರಗಳು ಹತ್ತಿರವಾದಷ್ಟೂ ಅವುಗಳ ನಡುವೆ ಉಳಿಯುವ ಚರ್ಮ ಕಡಿಮೆ. ಚರ್ಮದಲ್ಲಿ ಒಮ್ಮೆ ಮಾಡಿದ ರಂಧ್ರವು ಪಾಟಿಯ ಮೇಲಿನ ಅಕ್ಷರದಂತೆ ಅಳಿಸಿಹೋಗದು.

ಆ ಹುಡುಗನು ಒರೆಯನ್ನು ಯಾರಿಗೂ ತೋರಿಸದೆ ಚೀಲದಲ್ಲಿ ಹಾಕಿಕೊಂಡು ಹೋದನು. ಮುಂದಿನ ಎರಡು ವಾರ ಕೈಕೆಲಸದ ಅವಧಿಗೆ ಬರಲಿಲ್ಲ. ಕೇಳಿದರೆ ಹೊಟ್ಟೆನೋವೆಂದನು. ಆ ದಿನಗಳಲ್ಲಿಯೇ ಅವನ ಗಣಿತದ ವಹಿಯನ್ನು ನಾವು ತೂಗಿ ನೋಡಿದಂತೆ ನೋಡಿದೆವು. ಇನ್ನೂರು ಪುಟದ ವಹಿಯಲ್ಲಿ ನೂರ ಇಪ್ಪತ್ತು ಪುಟಗಳು ಮಾತ್ರ ಉಳಿದಿದ್ದವು. ತಪ್ಪಾದ ಪುಟವನ್ನೆಲ್ಲ ಅವನು ಹರಿದು ತೆಗೆಯುತ್ತಿದ್ದನು. ಅವನ ಕಾಟಿಲ್ಲದ ವಹಿಯ ಗುಟ್ಟು ಇದು. ಅದನ್ನು ಮೆಚ್ಚಿ ಎತ್ತಿ ತೋರಿಸಿದವರು ನಾವು. ಕಾಟು ಹೊಡೆದ ವಹಿಯ ಮೇಲೆ ಕೆಂಪು ಮಸಿಯಿಂದ ‘ಮತ್ತೆ ಬರೆ’ ಎಂದು ಇಪ್ಪತ್ತು ವರ್ಷಗಳಿಂದ ಬರೆಯುತ್ತ ಬಂದವರೂ ನಾವೇ. ಹರಿದು ಎಸೆದ ಆ ಎಂಬತ್ತು ಪುಟಗಳಲ್ಲಿ ಅವನು ಎಲ್ಲೆಲ್ಲಿ ಎಡವುತ್ತಿದ್ದನೆಂಬುದು ಬರೆದಿತ್ತು. ನಮಗೆ ಬೇಕಾದುದು ಆ ಪುಟಗಳೇ. ಅವನಿಗೂ ಬೇಕಾದುದು ಅವೇ.

ಅಮೆರಿಕದ ಹಾಮಚೆಕ್ ಎಂಬ ಮನಶ್ಶಾಸ್ತ್ರಜ್ಞರು ೧೯೭೮ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಪರಿಪೂರ್ಣತೆಯ ಹಂಬಲದಲ್ಲಿ ಎರಡು ಬಗೆಯುಂಟೆಂದು ವಿಂಗಡಿಸಿದ್ದಾರೆ. ಒಬ್ಬನು ಚೆನ್ನಾಗಿ ಮಾಡಬೇಕೆಂದು ದುಡಿದು, ಮಾಡಿದುದರಲ್ಲಿ ಸಂತೋಷಪಡುತ್ತಾನೆ. ಎಲ್ಲಿ ಸಡಿಲ ಬಿಡಬಹುದೆಂಬುದು ಅವನಿಗೆ ಗೊತ್ತು. ಇನ್ನೊಬ್ಬನಿಗೆ ತಪ್ಪಾದೀತೆಂಬ ಅಂಜಿಕೆಯೇ ಮುಂದು. ಎಷ್ಟು ಮಾಡಿದರೂ ಅವನಿಗೆ ಸಾಲದು. ಹೊರಗಿನಿಂದ ಇಬ್ಬರ ವಹಿಗಳೂ ಒಂದೇ ಬಗೆಯಾಗಿ ಕಾಣುವುದರಿಂದ ಉಪಾಧ್ಯಾಯರು ಮೋಸಹೋಗುತ್ತೇವೆ. ಮನೆಯಲ್ಲಿ ಪಾಲಕರೂ ಮೋಸಹೋಗುವುದುಂಟು. ಮಗುವಿನ ವಹಿಯು ತೀರ ಸ್ವಚ್ಛವಾಗಿದ್ದರೆ ಒಮ್ಮೆ ಪುಟಗಳನ್ನು ಎಣಿಸಿ ನೋಡಿರೆಂದು ವಿನಂತಿಸುತ್ತೇವೆ. ಎಣಿಸಿದ ಮೇಲೆ ಬಯ್ಯಬೇಡಿರಿ.

ಏಳು ಸಲ ಕಾಗದವನ್ನು ಕತ್ತರಿಸಿದುದು ತಪ್ಪೆಂದು ನಾವು ಹೇಳುವುದಿಲ್ಲ. ಕಾಗದವು ಅಗ್ಗ, ತಪ್ಪು ಮಾಡುವುದಿದ್ದರೆ ಅಲ್ಲಿಯೇ ಮಾಡುವುದು ಲೇಸು. ಅನಂತರ ಚರ್ಮದ ಚೂರಿನ ಮೇಲೆ ಹತ್ತು ಹೊಲಿಗೆ ಹಾಕಿ ನೋಡಬೇಕು. ಕೊನೆಗೆ ಒಳ್ಳೆಯ ಚರ್ಮಕ್ಕೆ ಕೈಹಾಕಬೇಕು. ಮುತ್ಯಾ ಅವರದು ಇದೇ ಕ್ರಮ. ಆದರೆ ಅವರು ಕಾಗದದ ಅಚ್ಚನ್ನು ಎರಡು ಸಲಕ್ಕಿಂತ ಹೆಚ್ಚು ಕತ್ತರಿಸುವುದನ್ನು ನಾವು ಕಾಣಲಿಲ್ಲ. ಮೂರನೆಯ ಸಲದಿಂದ ಆಚೆಗೆ ಕಾಗದವು ಏನನ್ನೂ ಹೇಳದು. ಚರ್ಮದ ದಪ್ಪವೂ ಬಾಗೂ ಕಾಗದದಲ್ಲಿಲ್ಲವಷ್ಟೆ. ನಮ್ಮ ಹುಡುಗನು ಆ ಐದು ಸಲ ಅಳತೆಯನ್ನು ತಿದ್ದುತ್ತಿರಲಿಲ್ಲ. ಆರಿಯನ್ನು ಕೈಗೆತ್ತಿಕೊಳ್ಳುವ ಗಳಿಗೆಯನ್ನು ಮುಂದೂಡುತ್ತಿದ್ದನು.

ಅವನನ್ನು ಕರೆದು ಬುದ್ಧಿ ಹೇಳಲು ನಮಗೆ ಮುಖವಿರಲಿಲ್ಲ. ನಾವು ಮಾಡಿದ ಮೊದಲನೆಯ ಒರೆಯನ್ನು, ಸೀಳಿದುದನ್ನು, ಅವನ ಮುಂದಿಟ್ಟು, “ಇದು ಯಾತಕ್ಕೆ ಬಿಗಿಯಾಯಿತು, ಹೇಳಪ್ಪ” ಎಂದೆವು. ಮೇಲೆ ಬರೆದ ಅರ್ಧವೃತ್ತದ ಲೆಕ್ಕವು ನಮ್ಮದಲ್ಲ. ಅವನು ಹತ್ತು ನಿಮಿಷದಲ್ಲಿ ಮಾಡಿ ತೋರಿಸಿದುದು. ಲೆಕ್ಕವನ್ನು ಮುಗಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಲದಿಂದ ತನ್ನ ಹರಿದ ಒರೆಯನ್ನು ತೆಗೆದು ಮೇಜಿನ ಮೇಲಿಟ್ಟನು. ಮುಂದಿನ ಅವಧಿಯಲ್ಲಿ ಮುತ್ಯಾ ಅದನ್ನು ಸೀಳಿದರು. ಒಳಗಿನ ಪಟ್ಟಿ ಸರಿಯಾಗಿತ್ತು, ಅಳತೆ ಸರಿಯಾಗಿತ್ತು, ತುದಿಯ ಬಳಿ ಅಲಗಿಗೆ ಎಡೆಯೂ ಸಾಕಷ್ಟಿತ್ತು. “ಎಲ್ಲಾ ಛಲೋ ಅದ. ತೂತು ಒಂದಕ ಎರಡ ಆಗ್ಯಾವ, ಅಷ್ಟ” ಎಂದರು. ಇಷ್ಟನ್ನೇ ನಾವು ಹೇಳಿದ್ದರೆ ಅವನು ನಂಬುತ್ತಿದ್ದನೋ ಇಲ್ಲವೋ.

ಒರೆಯಲ್ಲಿ ಎರಡು ತರಹದ ದೋಷಗಳುಂಟೆಂದು ಮಕ್ಕಳು ಈಗ ಬೇರ್ಪಡಿಸಿ ನೋಡುತ್ತಾರೆ. ಪಟ್ಟಿಯಿಲ್ಲದಿರುವುದು, ಚಾಕು ಸಡಿಲಾಗಿ ತಾನೇ ಜಾರುವುದು, ತುದಿ ಹೊರಗೆ ಇಣುಕುವುದು ಇವು ಕೈಯನ್ನು ಕೊಯ್ಯುವ ದೋಷಗಳು, ಇವುಗಳಿಗೆ ಕ್ಷಮೆಯಿಲ್ಲ. ಹೊಲಿಗೆ ತುಸು ಅಂಕುಡೊಂಕಾಗುವುದು, ಅಂಚಿನ ಬಣ್ಣ ಏರುಪೇರಾಗುವುದು ಕಣ್ಣಿನ ದೋಷಗಳು. ಎರಡನೆಯ ಒರೆಯ ಹುಡುಗರು ಕಣ್ಣಿನ ದೋಷವನ್ನು ತಪ್ಪಿಸಲು ಹೋಗಿ ಕೈಕೊಯ್ಯುವ ದೋಷವನ್ನು ತಂದುಕೊಂಡಿದ್ದರು.

ಕಲೆಯ ಮಾತೊಂದು ಉಳಿಯಿತು. ಐದನೆಯ ಒರೆಯನ್ನು ನೆನೆಯಿಸಿ ಚಾಕುವನ್ನಿಟ್ಟಾಗ ಅಲಗಿಗೆ ಪ್ಲಾಸ್ಟಿಕ್ ಹಾಳೆಯನ್ನು ಸುತ್ತುವುದನ್ನು ಮರೆತರು. ಬೆಳಗ್ಗೆ ನೋಡಿದರೆ ಒರೆಯ ಬಾಯಿಯ ಬಳಿ ಕಡುನೀಲಿಯ ಕಪ್ಪು ಕಲೆ. ಕಬ್ಬಿಣವೂ ಒಗರೂ ನೀರಿನಲ್ಲಿ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ; ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣವನ್ನು ಹಾಕಿ ಬರೆಯುವ ಮಸಿಯನ್ನು ಮಾಡುತ್ತಿದ್ದುದು ಇದೇ ಧರ್ಮದಿಂದ. ಮಕ್ಕಳು ಒಂದು ಬಟ್ಟಲಲ್ಲಿ ಅಳಲೆಕಾಯಿಯ ಪುಡಿಯನ್ನು ನೆನೆಹಾಕಿ ತುಕ್ಕು ಹಿಡಿದ ಮೊಳೆಗಳನ್ನು ಬಿಟ್ಟರು. ಮೂರನೆಯ ದಿನ ಅದರಲ್ಲಿ ಅದ್ದಿ ಹೆಸರು ಬರೆಯುವಂತಾಯಿತು. ಆ ಕಲೆಬಿದ್ದ ಒರೆಯನ್ನು ಕೆಟ್ಟುದೆಂದು ನಾವು ಎಣಿಸಿಲ್ಲ. ಮೂರನೆಯ ನಂಬರಿನ ಚಾಕುವನ್ನು ಅದು ಚೆನ್ನಾಗಿ ಹಿಡಿದುಕೊಂಡಿದೆ.

ಈಗ ಆರು ಚಾಕುಗಳಿಗೂ ಒರೆಗಳಾಗಿವೆ. ಮಳೆಗಾಲದಲ್ಲಿ ಚಾಕುವನ್ನು ಒರೆಯೊಳಗೇ ಬಹುದಿನ ಬಿಡಬಾರದು, ಚರ್ಮವು ತೇವವನ್ನು ಹೀರಿ ಅಲಗಿಗೆ ತುಕ್ಕು ಹಿಡಿಸುವುದೆಂದು ಡಬ್ಬಿಯ ಮುಚ್ಚಳದ ಮೇಲೆ ಬರೆದು ಅಂಟಿಸಿದ್ದೇವೆ. ಅಂಗುಲಕ್ಕೆ ಹದಿನಾಲ್ಕು ಹೊಲಿಗೆ ಹಾಕಿದ ಹುಡುಗನ ಎರಡನೆಯ ಒರೆಯಲ್ಲಿ ಅಂಗುಲಕ್ಕೆ ಏಳಿವೆ. ಮಧ್ಯದಲ್ಲಿ ಒಂದು ಕಡೆ ಸಾಲು ಹೊರಳಿದೆ. ಅದನ್ನು ಬಿಚ್ಚಿ ಮತ್ತೆ ಹೊಲಿಯಲೇ ಎಂದು ಅವನು ಎರಡು ಸಲ ಕೇಳಿದನು. ಮೂರನೆಯ ಸಲ ಕೇಳಲಿಲ್ಲ. ವಹಿಗಳಲ್ಲಿ ಪುಟ ಹರಿಯಬಾರದೆಂದು, ತಪ್ಪಿನ ಮೇಲೆ ಒಂದೇ ಗೆರೆಯನ್ನೆಳೆದು ಮುಂದೆ ಬರೆಯಬೇಕೆಂದು ಈ ವರುಷದಿಂದ ಎಲ್ಲ ಇಯತ್ತೆಗಳಿಗೂ ತಿಳಿಸಿದ್ದೇವೆ. ನಮ್ಮ ಕೆಂಪು ಮಸಿಯ ಅಭ್ಯಾಸವು ಇನ್ನೂ ಪೂರ್ತಿಯಾಗಿ ಹೋಗಿಲ್ಲ.

ಸ್ನೇಹಸಮ್ಮೇಳನದ ದಿನ ವಸ್ತುಪ್ರದರ್ಶನದ ಕೋಣೆಯಲ್ಲಿ ಆರು ಒರೆಗಳೊಡನೆ ಸೀಳಿದ ನಾಲ್ಕನ್ನೂ ಒಂದೇ ಮೇಜಿನ ಮೇಲೆ ಇಡಲಾಗುವುದು. ಪಾಲಕರು ಅವುಗಳನ್ನು ಕೈಯಲ್ಲಿ ಹಿಡಿದು ಒಳಮೈಯನ್ನು ನೋಡಬಹುದು. ಮೊದಲನೆಯದರ ಕೆಳಗಿನ ಚೀಟಿಯಲ್ಲಿ ಮುಖ್ಯಾಧ್ಯಾಪಕರು ಎಂದು ಬರೆದಿರುತ್ತದೆ.